ದೇವರ ಅಡಿಯ ಹಲಗೆ

ಮದುವೆಯಾಗಿ ಬಂದಲ್ಲಿಂದ ನನ್ನ ಸಾರಿನ ಬಗ್ಗೆ ಯಾರೂ ಸೊಲ್ಲೆತ್ತಿದವರಲ್ಲ. ಮೊನ್ನೆ ನಮ್ಮನೆಯವರು ಒಂದು ತುತ್ತು ಬಾಯಿಗಿಟ್ಟು, "ಎಂತದೇ ಇದು, ಉಪ್ಪ್ ಎರಡ್ ಸಲ ಹಾಕಿದ್ಯಾ?" ಎಂದರು.

"ಹ್ವಾಯ್, ನಾನಿನ್ನೂ ಒಂದ್ ಸಲವೂ ಹಾಕ್ಲಿಲ್ಲ" ಎಂದೆ. ಇಬ್ಬರೂ ಬಾವಿಯ ಕಡೆ ನೋಡಿದೆವು.

ಮರವಂತೆಯಿಂದ ಸ್ವಲ್ಪ ಒಳಗೆ, ಹೊಳೆಬದಿಯ ಮನೆ ನಮ್ಮದು. ಉಬ್ಬರದ ಹೊತ್ತಿಗೆ ಸಮುದ್ರದ ನೀರು ಹೊಳೆಗೆ ನುಗ್ಗುತ್ತದೆ. ಅದನ್ನು ತಡೆಯಲಿಕ್ಕೆಂದೇ ಕಿಂಡಿ ಅಣೆಕಟ್ಟು ಇರುವುದು. ಮಳೆ ನಿಂತ ಮೇಲೆ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬಿದರಾಯಿತು; ಅತ್ತ ಉಪ್ಪು, ಇತ್ತ ಸಿಹಿ. ನಮ್ಮ ಅತ್ತೆಯ ಕಾಲದಲ್ಲಿ ಈ ಅಣೆಕಟ್ಟು ಇರಲಿಲ್ಲ. ಮನೆಗೊಬ್ಬರು ಹೋಗಿ ಮಣ್ಣಿನ ಕಟ್ಟ ಹಾಕುತ್ತಿದ್ದರು. ಬಾರದ ಮನೆಯವರನ್ನು ಅತ್ತೆ ದಾರಿಯಲ್ಲೇ ನಿಲ್ಲಿಸಿ ವಿಚಾರಿಸುತ್ತಿದ್ದರಂತೆ. ಈಗ ಕಾಂಕ್ರೀಟು ಬಂದಿದೆ, ವಿಚಾರಿಸುವವರು ಹೋಗಿದ್ದಾರೆ.

ಈ ಸಲ ಒಂದು ಕಿಂಡಿ ಬಾಯಿ ತೆರೆದೇ ಉಳಿಯಿತು. ಹಲಗೆ ಸಾಕಾಗಲಿಲ್ಲವಂತೆ. ಹೇಗೆ ಸಾಕಾಗಬೇಕು? ಹಲಗೆ ಊರಿನದ್ದಲ್ಲವೆ, ಊರಿನವರೇ ಕೊಂಡುಹೋಗಿದ್ದಾರೆ. ಒಂದು ಕೋಳಿಗೂಡಿನ ಬಾಗಿಲಾಗಿದೆ. ಇನ್ನೊಂದರ ಮೇಲೆ ಯಾರದ್ದೋ ಗ್ರೈಂಡರು ಕೂತಿದೆ. ಬಾವಿಗೆ ಉಪ್ಪು ಇಳಿದು ನಮ್ಮಲ್ಲಿ ಹಾಲು ಒಡೆಯುತ್ತದೆ, ಬೇಳೆ ಬೇಯುವುದಿಲ್ಲ, ಕುಡಿಯುವ ನೀರಿಗೆ ಕೊಡಪಾನ ಹೊತ್ತು ರಸ್ತೆಯಾಚೆ ಹೋಗಬೇಕು. ದಿನಕ್ಕೊಂದಾದರೂ ದೇವರ ದಯೆ ನೆನೆಯುವುದು ನನ್ನ ಅಭ್ಯಾಸ. ಸಾರು ಉಪ್ಪಾದ ದಿನ ಎಷ್ಟು ಹುಡುಕಿದರೂ ಸಿಕ್ಕಿದ್ದು, ಉಪ್ಪಿನ ಪ್ಯಾಕೆಟು ಉಳಿಯಿತು ಅನ್ನುವುದೊಂದೇ.

ಶುಕ್ರವಾರ ಅದೇ ಸಿಟ್ಟಿನಲ್ಲಿ ಭಜನಾ ಮಂದಿರಕ್ಕೆ ಹೋದೆ. ಅಡ್ಡಬೀಳುವಾಗ ದೇವರ ಪಟದ ಕೆಳಗೆ, ಕೆಂಪು ಬಟ್ಟೆಯ ಸಂದಿಯಲ್ಲಿ ಕಂಡಿತು: ಕೆಸರಿನ ಕಲೆ ಹೋಗದ ದಪ್ಪ ಹಲಗೆಗಳು. ನಮಸ್ಕಾರ ಪೂರೈಸಿಯೇ ಎದ್ದೆ. ದೇವರ ತಪ್ಪಲ್ಲವಲ್ಲ.

ಮಂದಿರ ನೋಡಿಕೊಳ್ಳುವ ಶೀನಣ್ಣನನ್ನು ಕೇಳಿದರೆ, "ಅದ್ ದೇವ್ರ ಪೀಠ ಆಯ್ತಲೆ ಅಕ್ಕ, ಇನ್ನ್ ತೆಗುಕಾಗ" ಎಂದರು.

"ಪೀಠ ಬೇಕಂದ್ ದೇವ್ರ್ ಕೇಂಡಿದ್ರಾ?"

"ದೇವ್ರ್ ಎಲ್ಲಾದ್ರೂ ಕೇಂತ್ರಾ? ನಾವೇ ಭಕ್ತಿಯಲ್ಲಿ ಕೊಟ್ಟದ್."

"ಹಲ್ಗಿ ಊರಿಂದ್, ಭಕ್ತಿ ನಿಮ್ದಾ?" ಪಟದ ಎದುರಿನ ತೀರ್ಥದ ಬಟ್ಟಲು ತೋರಿಸಿದೆ. "ಆ ತೀರ್ಥ ನೀವೇ ಒಂಚೂರ್ ಕುಡ್ದ್ ಕಾಣಿ."

ಕುಡಿದರು. ಮುಖ ಕಿವುಚಿಕೊಂಡಿತು. ಮಂದಿರದ ಬಾವಿಗೂ ಉಪ್ಪು ಬಂದದ್ದು ಅವರಿಗೆ ಆಗಲೇ ಗೊತ್ತಾದದ್ದು. ನೈವೇದ್ಯಕ್ಕೂ ಅದೇ ನೀರು ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಮರುದಿನ ಬೆಳಿಗ್ಗೆ ಪೀಠ ಹೊಳೆಗೆ ಹೋಯಿತು. ದೇವರೇ ಎದ್ದು ಕೊಟ್ಟ ಮೇಲೆ ಕೋಳಿಗೂಡಿನ ಬಾಗಿಲೂ ಗ್ರೈಂಡರಿನ ಹಲಗೆಯೂ ಮರ್ಯಾದೆಯಿಂದ ಹಿಂದೆಯೇ ಬಂದವು. ಕಿಂಡಿ ಮುಚ್ಚಿತು. ಆದರೆ ಒಮ್ಮೆ ಇಳಿದ ಉಪ್ಪು ಬಿಡುವುದಿಲ್ಲ; ನನ್ನ ಬಾವಿ ಮಳೆ ಬರುವವರೆಗೆ ಉಪ್ಪೇ. ನನ್ನ ಸಿಟ್ಟಿಗೂ ಅಲ್ಲಿಯವರೆಗೆ ಆಯುಷ್ಯ ಇದೆ.

ಮಂದಿರದಲ್ಲಿ ದೇವರು ಈಗ ನಮ್ಮನೆಯಿಂದ ಕೊಟ್ಟ ಮಣೆಯ ಮೇಲೆ ಕೂತಿದ್ದಾರೆ. ಮಳೆಗಾಲದಲ್ಲಿ ಹಲಗೆ ತೆಗೆದಾಗ ಎಲ್ಲಿಡುವುದು ಎಂದು ಶೀನಣ್ಣ ಕೇಳಿದರು. ಮಂದಿರದಲ್ಲೇ ಇಡಿ, ಆದರೆ ದೇವರ ಎದುರಿಗೆ ಪೇರಿಸಿ ಎಂದೆ. ಅಡಿಯಲ್ಲಿ ಇಟ್ಟದ್ದು ದೇವರಿಗಾದರೂ ಹೇಗೆ ಕಾಣಬೇಕು?