ಮೂರನೇ ಪ್ಲಗ್ಗಿನ ಥ್ರೆಡ್ಡು

ತರೀಕೆರೆ ಸೀಮೆಯ ಕಾಳಾಚಾರಿ ಪಾಳೆಯಗಾರನ ಖಜಾನೆಗೆ ಒಂದು ಬೀಗ ಮಾಡಿಕೊಟ್ಟ. ಅದನ್ನು ತೆಗೆಯಲು ಕಳ್ಳರಿಂದಲೂ ಆಗಲಿಲ್ಲ, ಪಾಳೆಯಗಾರನಿಂದಲೂ ಆಗಲಿಲ್ಲ. ಕಡೆಗೆ ಗೋಡೆ ಒಡೆದು ದುಡ್ಡು ತೆಗೆದರು. ಅವನ ಮಗ ಮೂಡ್ಲಾಚಾರಿ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸಿದನೆಂದರೆ, ಗಾಲಿ ಪುಡಿಯಾದರೂ ಪಟ್ಟಿ ಕಳಚುತ್ತಿರಲಿಲ್ಲ. ಮೂಡ್ಲಾಚಾರಿಯ ಮಗ ರಾಚಾಚಾರಿ ಒಬ್ಬ ಗೌಡರ ಕಬ್ಬಿನ ಗಾಣವನ್ನು ಬೋಲ್ಟು ಹಾಕಿ ನೆಲಕ್ಕೆ ಕೂರಿಸಿದ. ಇಪ್ಪತ್ತು ವರ್ಷದ ಮೇಲೆ ಗೌಡರ ಮಕ್ಕಳು ಪಾಲಾದಾಗ ಗಾಣ ಯಾರಿಗೆ ಎಂಬ ಜಗಳವೇ ಏಳಲಿಲ್ಲ. ಅದು ಕಿತ್ತು ಬಂದರೆ ತಾನೆ? ಆ ಜಾಗ ಯಾರ ಪಾಲಿಗೆ ಬಂತೋ ಗಾಣವೂ ಅವನದೇ ಆಯಿತು.

ಮೂರು ತಲೆಮಾರಿನ ಈ ಕೀರ್ತಿಗೆಲ್ಲ ಮನೆತನದ ಒಂದು ಪದ್ಧತಿಯೇ ಕಾರಣ. ಏನನ್ನೇ ಬಿಗಿಯಲಿ, ಕೈಗೆ ಸಾಕೆನಿಸಿದ ಮೇಲೆ ಕುಲದೇವತೆ ಕಾಳಮ್ಮನ ಹೆಸರಿನಲ್ಲಿ ಇನ್ನೊಂದು ಅರ್ಧ ಸುತ್ತು ಬಿಗಿಯಬೇಕು. ರಾಚಾಚಾರಿಯ ಮಗ ದೊಡ್ಡಣ್ಣಾಚಾರಿ ಊರು ಬಿಟ್ಟು ಬರೋಡಾದ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆದಾಗ ಬಟ್ಟೆಬರೆ ಮರೆತು ಬಂದಿದ್ದನೇ ಹೊರತು ಈ ಅರ್ಧ ಸುತ್ತನ್ನು ಮರೆತಿರಲಿಲ್ಲ. ಉಗಿಬಂಡಿಯ ಬೋಲ್ಟುಗಳು ಅವನ ಹೆಬ್ಬೆರಳಿಗಿಂತ ದಪ್ಪ. ಹನ್ನೊಂದು ವರ್ಷ ಅವು ಕಾಳಮ್ಮನ ಕಾಟವನ್ನು ತುಟಿಪಿಟಕ್ಕೆನ್ನದೆ ತಡೆದುಕೊಂಡವು.

ಸಾವಿರದ ಒಂಬೈನೂರ ಅರವತ್ನಾಲ್ಕರಲ್ಲಿ ದೊಡ್ಡಣ್ಣ ನೌಕರಿ ಬಿಟ್ಟ. ಯಾರೂ ಬಿಡು ಎಂದಿರಲಿಲ್ಲ. ಭಾನುವಾರಗಳಲ್ಲಿ ಸಾಹೇಬರ ಕಾರು ಬಿಟ್ಟಿ ರಿಪೇರಿ ಮಾಡಿ ಮಾಡಿ, ಇದೇ ಕೆಲಸವನ್ನು ವಾರದ ಏಳು ದಿನವೂ ಮಾಡಿದರೆ ತಾನೇ ಸಾಹೇಬನಾಗಬಹುದಲ್ಲ ಎಂದು ಅವನಿಗೆ ಹೊಳೆದಿತ್ತು, ಅಷ್ಟೆ. ಬರೋಡಾದ ಹಳೆಯ ಕೇರಿ ವಾಡಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದ. ಹಿತ್ತಲಿನಲ್ಲಿ ತಗಡಿನ ಶೆಡ್ಡು ಎಬ್ಬಿಸಿದ.

ಶೆಡ್ಡಿಗೆ ಮೊದಲು ಬಂದದ್ದು ದಿವಾಕರ ರಾಯರ ಹಳೆಯ ಫಿಯೆಟ್. ರಾಯರು ವಿಮಾ ಕಚೇರಿಯ ಅಧಿಕಾರಿ, ಮನೆ ಸಾಹುಕಾರರ ಬಡಾವಣೆಯಾದ ಅಲ್ಕಾಪುರಿಯಲ್ಲಿ. ಪಾಲಿಸಿ ಮಾಡಿಸಲು ಬರೋಡಾದ ಕನ್ನಡದವರ ಮನೆಗಳಲ್ಲಿ ಒಂದನ್ನೂ ಬಿಡದೆ ಕಾಫಿ ಕುಡಿದವರು. ಅವರ ಬಾಯಲ್ಲಿ ಒಳ್ಳೆಯ ಮಾತು ಬಂದರೆ ಊರಿನ ಕನ್ನಡಿಗರ ಕಾರುಗಳೆಲ್ಲ ವಾಡಿಯ ದಾರಿ ಹಿಡಿಯುತ್ತವೆ. ಕೆಟ್ಟ ಮಾತು ಬಂದರೆ ಶೆಡ್ಡಿನಲ್ಲಿ ಎಮ್ಮೆ ಕಟ್ಟಬೇಕು. ಇದು ದೊಡ್ಡಣ್ಣನಿಗೂ ಗೊತ್ತಿತ್ತು, ಅವನಿಗಿಂತ ಚೆನ್ನಾಗಿ ಅವನ ಹೆಂಡತಿ ಗೌರಮ್ಮನಿಗೆ ಗೊತ್ತಿತ್ತು.

ಇದ್ದ ಕೆಲಸವಾದರೂ ಎಷ್ಟು? ಎಂಜಿನ್ನಿನ ನಾಲ್ಕು ಸ್ಪಾರ್ಕ್ ಪ್ಲಗ್ ಬಿಚ್ಚಿ, ಉಜ್ಜಿ, ಹಾಕುವುದು. ಎರಡು ಹಾಕಿದ. ಮೂರನೆಯದನ್ನು ಬಿಗಿದು, ಕೈಗೆ ಸಾಕೆನಿಸಿ, ಕಾಳಮ್ಮನನ್ನು ನೆನೆದು ಅರ್ಧ ಸುತ್ತು ತಿರುಗಿಸಿದ. ಬಿಗಿಯುವ ಪಾನಾ ಬೆಣ್ಣೆಯಲ್ಲಿ ಆಡಿದ ಹಾಗೆ ಸಲೀಸಾಗಿ ತಿರುಗಿತು. ಹೊರಗೆಳೆದರೆ ಪ್ಲಗ್ಗಿನ ಸುತ್ತ ಬೆಳ್ಳಿಯ ಜರಿಯಂತೆ ಎಂಜಿನ್ನಿನ ಥ್ರೆಡ್ಡೇ ಸುತ್ತಿಕೊಂಡು ಬಂತು. ಪ್ಲಗ್ಗುಗಳು ಕೂರುವ ಆ ಎಂಜಿನ್ನಿನ ಹೆಡ್ಡು ಮೆತ್ತನೆಯ ಅಲ್ಯುಮಿನಿಯಂನದು. ಕಾಳಮ್ಮ ಅಲ್ಯುಮಿನಿಯಂ ಕಂಡವಳಲ್ಲ.

ಮರುದಿನ ಕಚೇರಿಗೆ ಹೋಗುವ ದಾರಿಯಲ್ಲಿ ರಾಯರು ಇಣುಕಿದರು. ಹೆಡ್ಡು ಬಿಚ್ಚಿ ಹಲಗೆಯ ಮೇಲೆ ಮಲಗಿತ್ತು.

"ಏನು ಆಚಾರ್ರೇ, ಪ್ಲಗ್ ಉಜ್ಜೋಕೆ ತಲೇನೇ ತೆಗೆದಿದೀರಿ?"

"ಮೂರನೇ ತೂತಿನ ಥ್ರೆಡ್ಡು ಹೋಗಿದೆ ಸ್ವಾಮಿ."

"ಯಾರು ಕಿತ್ತಿದ್ದು?"

ದೊಡ್ಡಣ್ಣ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೊಮ್ಮೆ ಒರೆಸಿಕೊಂಡ. "ನಾನೇ."

ರಾಯರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಭಾನುವಾರ ನಮ್ಮತ್ತೆ ಇಂದುಮತಿ ಬಾಯೋರನ್ನ ಡಾಕೋರಿನ ದೇವಸ್ಥಾನಕ್ಕೆ ಕರ್ಕೊಂಡು ಹೋಗ್ಬೇಕಲ್ರೀ. ದೇವರನ್ನ ಕಾಯಿಸ್ಬಹುದು, ಅವರನ್ನ ಕಾಯಿಸೋಕಾಗಲ್ಲ."

"ಶನಿವಾರ ಸಂಜೆ ಬಂದು ತಗೊಂಡ್ಹೋಗಿ."

ಹೇಳಿಬಿಟ್ಟ. ಅಷ್ಟರಲ್ಲಿ ಹೇಗೆ ಮುಗಿಸುವುದೆಂದು ಅವನಿಗೇ ತಿಳಿಯದು. ಬೇಕಾದದ್ದು ಇಷ್ಟು: ಹಾಳಾದ ತೂತನ್ನು ದೊಡ್ಡದಾಗಿ ಕೊರೆದು, ಅದರಲ್ಲಿ ಹಿತ್ತಾಳೆಯಂಥ ಗಟ್ಟಿ ಲೋಹದ ಒಂದು ಬುಷ್ಷು, ಎಂದರೆ ಗಿಡ್ಡ ಕೊಳವೆ, ತಿರುಗಿಸಿ ಕೂರಿಸಿ, ಆ ಬುಷ್ಷಿನ ಒಳಗೆ ಪ್ಲಗ್ಗಿನ ಅಳತೆಗೆ ಹೊಸ ಥ್ರೆಡ್ಡು ಕೊರೆಯಬೇಕು. ಹೊರಮೈ ಥ್ರೆಡ್ಡಿಗೆ ತೊಂದರೆಯಿಲ್ಲ. ಥ್ರೆಡ್ಡು ಕೊರೆಯುವ ಮುಕ್ಕಾಲು ಇಂಚಿನ ಟ್ಯಾಪು ಅವನ ಪೆಟ್ಟಿಗೆಯಲ್ಲೇ ಇತ್ತು. ಒಳಮೈಯದು ಮಾತ್ರ ಹದಿನಾಲ್ಕು ಮಿಲಿಮೀಟರ್. ಹನ್ನೊಂದು ವರ್ಷ ರೈಲ್ವೆಯ ಇಂಚಿನಲ್ಲೇ ಉಂಡು ಮಲಗಿದವನಿಗೆ ಮಿಲಿಮೀಟರೆಂದರೆ ಬೀಗರ ಮನೆಯ ಭಾಷೆ. ಪೇಟೆಯ ಅಂಗಡಿಯವನು, "ಬೊಂಬಾಯಿಂದ ಬರಬೇಕು, ಎಂಟು ದಿನ" ಎಂದ.

ವಾಪಸು ಬರುವಾಗ ದೊಡ್ಡಣ್ಣ ಒಂದು ಹಳೆಯ ಪ್ಲಗ್ಗನ್ನು ಬೆರಳ ನಡುವೆ ತಿರುವುತ್ತ ಬಂದ. ಹದಿನಾಲ್ಕು ಮಿಲಿಮೀಟರಿನ ಥ್ರೆಡ್ಡು ಇದರ ಮೈಮೇಲೇ ಇದೆಯಲ್ಲ. ಉದ್ದಕ್ಕೆ ನಾಲ್ಕು ಕಚ್ಚು ಅರದಿಂದ ಉಜ್ಜಿ, ಮೂತಿ ಚೂಪು ಮಾಡಿದರೆ ಇದೇ ಟ್ಯಾಪು. ಆದರೆ ಪ್ಲಗ್ಗಿನದು ಮೆತ್ತನೆಯ ಕಬ್ಬಿಣ, ಬುಷ್ಷನ್ನು ಕೊರೆಯಲು ಹೋದರೆ ತಾನೇ ಸವೆಯುತ್ತದೆ. ಮೆತ್ತನೆಯ ಕಬ್ಬಿಣಕ್ಕೆ ಗಟ್ಟಿ ಮೈ ಬರಿಸುವ ವಿದ್ಯೆಯನ್ನು ಅಪ್ಪ ರಾಚಾಚಾರಿ ಕಲಿಸಿದ್ದ. ಗೊರಸು, ತೊಗಲು, ಉಪ್ಪು ತುಂಬಿದ ಡಬ್ಬಿಯಲ್ಲಿ ಹೂತು, ಮಣ್ಣು ಮೆತ್ತಿ, ಮೂರು ತಾಸು ಕೆಂಪಗೆ ಕಾಯಿಸಿ ನೀರಿಗೆ ಬಿಸಾಡಬೇಕು.

ಸ್ಟೇಷನ್ನಿನ ಮುಂದೆ ಟಾಂಗಾ ಕುದುರೆಗಳಿಗೆ ಲಾಳ ಹೊಡೆಯುವವನು ಕೆತ್ತಿ ಎಸೆದ ಗೊರಸಿನ ಚೂರುಗಳನ್ನು ಒಂದು ಚೀಲ ತುಂಬಿಕೊಂಡ. ತೊಗಲಿಗೆ ತನ್ನ ಚಪ್ಪಲಿಯನ್ನೇ ಕತ್ತರಿಸಿದ. ಗುರುವಾರ ಮಧ್ಯಾಹ್ನ, ಅರ ಹಾಕಿದ ಪ್ಲಗ್ಗಿನ ಡಬ್ಬಿಯನ್ನು ಒಲೆಯ ಕೆಂಡದಲ್ಲಿಟ್ಟು ತಿದಿ ಒತ್ತತೊಡಗಿದ.

ಈರುಳ್ಳಿ ಹುರಿದ ವಾಸನೆಗೂ ಕಿಟಕಿ ಮುಚ್ಚುವ ಮಡಿವಂತರ ಕೇರಿ ಅದು. ಅರ್ಧ ತಾಸಿನಲ್ಲಿ ಪಕ್ಕದ ಮನೆಯ ಕಾಂತಾಬೆನ್ ಸೆರಗು ಮೂಗಿಗೆ ಹಿಡಿದು, ಹಿಂದೆ ಇಬ್ಬರು ಮುದುಕರನ್ನು ಕಟ್ಟಿಕೊಂಡು ಬಂದು ನಿಂತಳು.

"ದೊಡ್ಡಾಭಾಯ್, ಆ ಶೂಂ ಛೇ?" ಎಂದಳು, ಇದೇನಿದು ಎಂದು.

"ಚಪ್ಪಲಿ" ಎಂದ ದೊಡ್ಡಣ್ಣ, ನಿಜವನ್ನೇ.

ಊಟಕ್ಕೆ ಚಪ್ಪಲಿ ಬೇಯಿಸುವ ಜನವಿದೆಯೆಂದು ಆ ಮುದುಕರು ಕೇಳಿರಲಿಲ್ಲ. ಮನೆಯ ಮಾಲೀಕನಿಗೆ ಹೇಳಿ ಇಂದೇ ಬಿಡಿಸುತ್ತೇವೆ ಎಂದು ಒಬ್ಬರು ಕೋಲೆತ್ತಿದರು. ಅಷ್ಟರಲ್ಲಿ ಗೌರಮ್ಮ ಕುಂಕುಮದ ಬಟ್ಟಲು ಹಿಡಿದು ಬಂದು, ತನ್ನ ಮುರುಕು ಗುಜರಾತಿಯಲ್ಲಿ, ಇದು ತೀರಿಹೋದ ಮಾವನವರ ಹರಕೆ, ವರ್ಷಕ್ಕೊಂದೇ ದಿನ, ನಡುವೆ ನಿಲ್ಲಿಸಿದರೆ ಕೇರಿಗೇ ಒಳ್ಳೆಯದಲ್ಲ ಎಂದಳು. ಕೋಲು ಇಳಿಯಿತು. ಕಾಂತಾಬೆನ್ ಒಲೆಗೆ ಕೈಮುಗಿದು, ಕುಂಕುಮ ಇಡಿಸಿಕೊಂಡು ಹೋದಳು.

"ಅಪ್ಪನ ಹೆಸರಲ್ಲಿ ಸುಳ್ಳು ಹೇಳ್ತೀಯಲ್ಲೇ" ಎಂದ ದೊಡ್ಡಣ್ಣ.

"ನಿಮ್ಮ ಅರ್ಧ ಸುತ್ತಿಗಿಂತ ನನ್ನ ಸುಳ್ಳು ವಾಸಿ. ಇದರಿಂದ ಏನೂ ಮುರೀಲಿಲ್ಲ. ತಿದಿ ಒತ್ತಿ."

ಶುಕ್ರವಾರ ಹೊಸ ಟ್ಯಾಪಿನ ಮೇಲೆ ಅರ ಎಳೆದು ನೋಡಿದ. ಅರವೇ ಜಾರಿತು. ಟರ್ನರ್ ಒಬ್ಬನಿಂದ ಹಳೆಯ ಪಂಪಿನ ಲೋಹದಲ್ಲಿ ಬುಷ್ಷು ಕಡೆಸಿಕೊಂಡು ಬಂದು, ಕಾಲು ಸುತ್ತು ಮುಂದೆ, ಅದರರ್ಧ ಹಿಂದೆ, ಎಣ್ಣೆ ಬಿಟ್ಟು ಬಿಟ್ಟು ಒಳಗಿನ ಥ್ರೆಡ್ಡು ಕೊರೆದ. ಹೆಡ್ಡಿನ ತೂತನ್ನು ದೊಡ್ಡದಾಗಿ ಕೊರೆದು ಅದರಲ್ಲಿ ಬುಷ್ಷು ಕೂರಿಸಿ, ಅಲುಗದಂತೆ ಅಂಚಿಗೆ ಮೂರು ಕಡೆ ಪಂಚಿನಿಂದ ಗುದ್ದಿದ. ಶನಿವಾರ ಹೆಡ್ಡು ಎಂಜಿನ್ನಿನ ಮೇಲೇರಿತು. ಮೂರನೆಯ ಪ್ಲಗ್ಗು ಬಿಗಿಯುವಾಗ ಕೈ ತಾನಾಗಿ ಇನ್ನರ್ಧ ಸುತ್ತಿಗೆ ಎಳೆಯಿತು. ಅವನು ಪಾನಾ ಬಿಟ್ಟು ಎರಡು ಹೆಜ್ಜೆ ಹಿಂದೆ ನಿಂತ.

ರಾಯರು ಬಂದರು. ಸ್ಟಾರ್ಟ್ ಮಾಡಿದರು. ದೊಡ್ಡಣ್ಣ ಪ್ಲಗ್ಗಿನ ಬುಡಕ್ಕೆ ಸೋಪಿನ ನೀರು ಬಿಟ್ಟು ಮೂಗು ತಾಗುವಷ್ಟು ಬಗ್ಗಿದ. ಗಾಳಿ ಸೋರಿದರೆ ಗುಳ್ಳೆ ಏಳಬೇಕು. ಒಂದೂ ಏಳಲಿಲ್ಲ. ಕೇರಿಯನ್ನು ಮೂರು ಸುತ್ತು ಹಾಕಿಸಿ ಮತ್ತೆ ನೋಡಿದ. ಒಣಗಿದ ಬಿಳಿ ಕಲೆ ಬಿಟ್ಟು ಏನಿಲ್ಲ.

ರಾಯರಿಗೆ ಮನಸ್ಸು ತುಂಬಿ ಬಂತು. ಕಾರಿನ ಕಿಟಕಿಯಿಂದ ತಲೆ ಹೊರಹಾಕಿ ದನಿ ತಗ್ಗಿಸಿದರು. "ಆಚಾರ್ರೇ, ಒಂದು ಉಪಕಾರ ಮಾಡ್ತೀನಿ. ನಾನು ಕೊಂಡಾಗ್ಲೇ ಥ್ರೆಡ್ಡು ಹೋಗಿತ್ತು, ನೀವು ಸರಿ ಮಾಡಿಕೊಟ್ರಿ ಅಂತ ನಮ್ಮ ಜನಕ್ಕೆಲ್ಲ ಹೇಳ್ತೀನಿ. ನೀವು ಕಿತ್ತಿದ್ದು ನಮ್ಮಿಬ್ಬರಲ್ಲೇ ಇರ್ಲಿ. ನಿಮ್ಮ ಹೆಸರು ಉಳಿಯುತ್ತೆ."

ದೊಡ್ಡಣ್ಣ ಬಾನೆಟ್ಟು ಇಳಿಸಿದ.

"ಅದೊಂದು ಬೇಡಿ ಸ್ವಾಮಿ. ಕಿತ್ತವನೂ ನಾನೇ, ಕೂರಿಸ್ದವನೂ ನಾನೇ, ಎರಡನ್ನೂ ಹೇಳಿ. ಕೇಳಿದ ಮೇಲೂ ಗಾಡಿ ತರೋರು ತರ್ಲಿ. ಬಾಕಿಯೋರಿಗೆ ನಿಮ್ಮ ಪಾಲಿಸಿ ಮಾರ್ಕೊಳ್ಳಿ, ಸುಳ್ಳು ಹೇಳಿ ನನ್ನ ಹೆಸರು ಮಾರೋದು ಬೇಡ."