ಅವ್ವ ಹೆದರುತ್ತಿದ್ದ ಟಿ.ಸಿ.

ರೈಲ್ವೆಯ ಆಯ್ಕೆ ಪಟ್ಟಿಯಲ್ಲಿ ನನ್ನ ನಂಬರ್ ಕಂಡ ದಿನ ಪುಣೆಯ ಕೋಥರೂಡದ ನಮ್ಮ ಬಾಡಿಗೆ ಕೋಣೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಹತ್ತಿದೆ. ಕಟ್ಟಡದ ಕೆಲಸದಿಂದ ಆಗಷ್ಟೇ ಬಂದಿದ್ದ ಅವ್ವ ಕಾಲಿಗೆ ಮೆತ್ತಿದ ಸಿಮೆಂಟು ತೊಳೆಯುತ್ತಿದ್ದಳು.

"ಯವ್ವಾ, ಟಿ.ಸಿ. ಸಿಕ್ತು ನನಗ!" ಎಂದು ಕೂಗಿದೆ.

ಅವಳ ಮುಖ ಇಳಿದುಹೋಯಿತು. "ಮತ್ತ ಎಲ್ಲಿಗಿ ಹೋಗಾದು? ಈ ಮನಿನೂ ಬಿಡಬೇಕೇನು?"

ನನಗೆ ರೇಗಿತು. ಇಷ್ಟು ಸಂತೋಷದ ಸುದ್ದಿಗೆ ಇದೆಂಥ ಮಾತು? ಆಮೇಲೆ ತಲೆಗೆ ಹೊಳೆಯಿತು. ಅವ್ವನಿಗೆ ಗೊತ್ತಿದ್ದ ಟಿ.ಸಿ. ಒಂದೇ, ಶಾಲೆ ಬಿಡಿಸುವಾಗ ಹೆಡ್‌ಮಾಸ್ತರರು ಕೊಡುವ ಕಾಗದ. ಕಲಬುರಗಿ ಕಡೆಯಿಂದ ಪುಣೆಗೆ ದುಡಿಯಲು ಬಂದ ನಾವು ಒಂದು ಕಟ್ಟಡ ಮುಗಿದರೆ ಇನ್ನೊಂದರ ಪಕ್ಕದಲ್ಲಿ ತಗಡಿನ ಶೆಡ್ ಹಾಕುತ್ತಿದ್ದೆವು. ಪ್ರತಿ ಸಲವೂ ನನ್ನ ಶಾಲೆ ಬದಲು. ಇಲ್ಲಿಯವರು ಆ ಕಾಗದಕ್ಕೆ 'ದಾಖಲಾ' ಎನ್ನುತ್ತಾರೆ. ಅವ್ವ ಮಾತ್ರ ಊರಿನ ಟಿ.ಸಿ.ಯನ್ನೇ ಹಿಡಿದುಕೊಂಡಿದ್ದಳು. ಐದು ಶಾಲೆ ಕಂಡವಳು ನಾನು. ಯಾವ ಶಾಲೆಯಲ್ಲೂ ಗೆಳತಿಯರಿಗೆ ಹೇಳಿ ಬರಲು ಪುರುಸೊತ್ತಿರಲಿಲ್ಲ.

"ತಗೊಂಡಿಲ್ಲವ್ವ, ಆಗೀನಿ! ಟಿಕೆಟ್ ಕಲೆಕ್ಟರ್!"

"ಕಲೆಕ್ಟರ್? ಜಿಲ್ಲಾಕ್ಕಾ?"

ನಗು ತಡೆಯಲಾಗಲಿಲ್ಲ. ಅಷ್ಟೆತ್ತರಕ್ಕೆ ಏರಿದವಳನ್ನು ಮೆಲ್ಲಗೆ ರೈಲ್ವೆ ಸ್ಟೇಷನ್‌ಗೆ ಇಳಿಸಿದೆ.

ತರಬೇತಿಯಲ್ಲಿ ನಮಗೆ ಪಾಠ ಹೇಳಿದವರು ಒಬ್ಬ ಮುಖ್ಯ ಟಿಕೆಟ್ ಇನ್ಸ್‌ಪೆಕ್ಟರ್. ಕರಿ ಕೋಟು ಕಂಡರೆ ಸಾಕು, ಜನ ಟಿ.ಸಿ. ಅಂದುಬಿಡುತ್ತಾರೆಂದು ಅವರಿಗೆ ಭಾರೀ ಸಿಟ್ಟು. ಸ್ಟೇಷನ್ ಬಾಗಿಲಲ್ಲಿ ನಿಂತು ಟಿಕೆಟ್ ನೋಡುವವರು ಟಿ.ಸಿ., ಓಡುವ ಗಾಡಿಯಲ್ಲಿ ಡಬ್ಬಿಯಿಂದ ಡಬ್ಬಿಗೆ ತಿರುಗುವವರು ಟಿ.ಟಿ.ಇ., ಇಬ್ಬರ ಮೇಲೂ ಕಣ್ಣಿಡುವವರು ತಾವು ಎಂದು ದಿನಾ ಒಪ್ಪಿಸುತ್ತಿದ್ದರು. ನನಗೆ ಗಾಡಿಯ ಹುಚ್ಚು ಹಿಡಿದದ್ದು ಅಲ್ಲಿಯೇ. ಮನೆಗೆ ಬಂದು ಇದನ್ನೆಲ್ಲ ವದರಿದರೆ ಅವ್ವ ಕೇಳಿದ್ದು ಇಷ್ಟೇ: "ಬಾಗಲಾಗ ನಿಂದ್ರೂ ಕೆಲಸ ಕೊಡಂಗಿಲ್ಲೇನು? ನಿಂತಲ್ಲೇ ನಿಂದ್ರೂದು ಭಾಳ ಛೊಲೊ."

ಯಾರಿಗೆ ಬಾಗಿಲು, ಯಾರಿಗೆ ಗಾಡಿ, ಯಾವ ಊರು ಎಂಬುದು ಆದೇಶ ಬರುವ ತನಕ ಯಾರಿಗೂ ಗೊತ್ತಿರಲಿಲ್ಲ. ದೂರದ ಊರು ಬಂದರೆ ಅವ್ವ ಮತ್ತೆ ಗಂಟು ಕಟ್ಟಬೇಕು. ಇಲ್ಲವೇ ನನ್ನನ್ನು ಬಿಟ್ಟಿರಬೇಕು. ಎರಡೂ ಅವಳಿಂದ ಆಗದ ಕೆಲಸ. ನನಗೂ ಒಳಗೊಳಗೇ ಪುಕುಪುಕು.

ಆದೇಶ ಬಂದಾಗ ಅದನ್ನು ನಿಂತೇ ಓದಿದೆ. ಟಿ.ಟಿ.ಇ.! ಕುಣಿಯುವ ಹಾಗಾಯಿತು. ಅವ್ವ ನನ್ನ ತೋಳು ಹಿಡಿದು, "ಊರು ಯಾವುದದ, ಅದನ್ನ ಓದು" ಎಂದಳು.

"ಪುಣೆ!" ಎಂದೆ. "ಗಾಡಿ ಸೊಲ್ಲಾಪುರಕ್ಕ ಹೋಗ್ಲಿ, ಮುಂಬೈಕ್ಕ ಹೋಗ್ಲಿ, ನಾ ಹೊಳ್ಳಿ ಇಲ್ಲೇ ಬರಬೇಕು. ಹಂಗಂತ ಬರದದ ನೋಡು."

ಓದಲು ಬಾರದ ಅವ್ವ ಆ ಸಾಲಿನ ಮೇಲೆ ಬೆರಳಿಟ್ಟಳು. "ಖರೇನಾ?" ಎಂದು ಎರಡು ಸಲ ಕೇಳಿದಳು. ನಾನು ಎರಡು ಸಲವೂ ಖರೇ ಎಂದೆ. ಅವಳು ಎದ್ದು ಪಕ್ಕದ ಮನೆಗೆ ಹೋಗಿ, ತನಗೆ ಬಂದಷ್ಟು ಮರಾಠಿಯಲ್ಲಿ ಸುತ್ತಿಗೆ ಕೇಳಿ ತಂದಳು. ಇಷ್ಟು ವರ್ಷ ಮಂದಿಯ ಗೋಡೆ ಕಟ್ಟಿದವಳು ಅವತ್ತು ಮೊದಲ ಸಲ ನಮ್ಮ ಕೋಣೆಯ ಗೋಡೆಗೆ ಮೊಳೆ ಹೊಡೆದಳು.

"ನಿನ್ನ ಕರಿ ಕೋಟು ಇಲ್ಲಿ ತೂಗಹಾಕು," ಎಂದಳು.