ಎಡ ಹೆಬ್ಬೆರಳಿನ ಕುಳಿ

ತಂಬೋರಿಲ್ ಊರಿನಲ್ಲಿ ನೆರೈದಾಳ ಬಾಯಿಗೆ ಹೆದರದವರಿಲ್ಲ. ಆದರೆ ಒಬ್ಬಳ ಹೆಸರು ಕೇಳಿದರೆ ಮಾತ್ರ ಅವಳ ಬಾಯಿ ಮುಚ್ಚಿ ಹೊಟ್ಟೆ ಉರಿಯತೊಡಗುತ್ತಿತ್ತು. ಆ ಹೆಸರು ಸುನಿಲ್ದಾ.

ಸುನಿಲ್ದಾ ಯಾರು ಅಂದರೆ, ನೆರೈದಾಳ ಗಂಡ ರಾದಾಮೆಸ್ ಚುರುಟಿನ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಯಾರ ಪಕ್ಕ ಕೂತನೋ ಆಕೆ. ಅಲ್ಲಿನ ಕೆಲಸ ಜೋಡಿಯದು. ಒಬ್ಬರು ಒಳಗಿನ ಸೊಪ್ಪನ್ನು ಮುದುರಿ, ಕಟ್ಟೆಲೆ ಸುತ್ತಿ, ಮರದ ಅಚ್ಚಿನಲ್ಲಿಟ್ಟು ಒತ್ತುತ್ತಾರೆ. ಇನ್ನೊಬ್ಬರು ಅದನ್ನು ಅಚ್ಚಿನಿಂದ ತೆಗೆದು ಹೊದಿಕೆ ಎಲೆ ಸುತ್ತುತ್ತಾರೆ. ಕಟ್ಟುವವನು ರಾದಾಮೆಸ್, ಹೊದಿಸುವವಳು ಸುನಿಲ್ದಾ. ನೆರೈದಾಳೂ ಹೊದಿಸುವವಳೇ, ಆದರೆ ಊರಿನ ಇನ್ನೊಂದು ತುದಿಯ ಕಾರ್ಖಾನೆಯಲ್ಲಿ, ಒಬ್ಬ ಬೊಚ್ಚುಬಾಯಿ ಮುದುಕನ ಪಕ್ಕ. ಕೈಚಳಕದಲ್ಲಿ ತಾನೇನೂ ಕಡಿಮೆಯಿಲ್ಲ ಎಂದು ಅವಳಿಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಗಂಡ ಮಾತ್ರ ಅದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಅವರಿಬ್ಬರ ನಡುವೆ ಏನೂ ನಡೆದಿರಲಿಲ್ಲ, ನಿಜ. ನಡೆದಿದ್ದರೆ ವಾಸಿಯಿತ್ತು. ಬೀದಿಗಿಳಿದು, ಜುಟ್ಟು ಹಿಡಿದು, ಒಂದೇ ದಿನದಲ್ಲಿ ಮುಗಿಸಿಬಿಡಬಹುದಿತ್ತು. “ಅವಳು ಕೈ ಚಾಚೋ ಮೊದ್ಲೇ ನಂಗೆ ಗೊತ್ತಾಗ್ತಿತ್ತು” ಎಂದು ಊಟದ ನಡುವೆ ಹೇಳುವ ಗಂಡನನ್ನು ಏನು ಮಾಡುವುದು? ಉಪ್ಪು ಕೊಡು ಎಂದು ಹೆಂಡತಿ ಮೂರು ಸಲ ಕೇಳಿದರೂ ಕಿವಿಗೆ ಹಾಕಿಕೊಳ್ಳದ ಮನುಷ್ಯ!

ಗಂಡಹೆಂಡತಿ ಇಬ್ಬರೂ ಕಾರ್ಖಾನೆ ಬಿಟ್ಟ ಮೇಲೆ, ಮನೆಯಲ್ಲೇ ಮೇಜು ಹಾಕಿ ಚುರುಟು ಸುತ್ತೋಣ ಎಂದು ರಾದಾಮೆಸ್ ಅಂದಾಗ ನೆರೈದಾಳ ಮುಖ ಅರಳಿತು. ಅಂತೂ ಅವನ ಪಕ್ಕದ ಕುರ್ಚಿ ತನ್ನದಾಯಿತು. ಅವನ ಹಳೆಯ ಕಾರ್ಖಾನೆಯವರು ಪ್ಲಾಸ್ಟಿಕ್ ಅಚ್ಚು ತರಿಸಿಕೊಂಡು ಮರದವನ್ನೆಲ್ಲ ಹಿತ್ತಲಲ್ಲಿ ರಾಶಿ ಹಾಕಿದ್ದರು. ರಾದಾಮೆಸ್ ತನ್ನ ಕಾಳಗದ ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ಹೋದ. ಹುಂಜವನ್ನು ಮೇಸ್ತ್ರಿಗೆ ಕೊಟ್ಟು, ಐದು ಅಚ್ಚು ಹೊತ್ತು ತಂದ.

“ಹುಂಜ ಕೊಟ್ಬಿಟ್ಯಾ? ನಾನು ಸಾರು ಮಾಡ್ತೀನಿ ಅಂದಿದ್ದಕ್ಕೆ ನೀನು ಮೂರು ದಿನ ಮಾತು ಬಿಟ್ಟಿದ್ದೆ!”

“ಅಲ್ಲಿ ಎಂಬತ್ತು ಅಚ್ಚಿತ್ತು ಮುದುಕಿ. ಬೆಳಗಿಂದ ಕೂತು ಆರಿಸಿ ತಂದಿದ್ದೀನಿ.”

ಆರಿಸಿದ ಚಂದ ನೋಡಬೇಕು! ಒಂದರ ಮೂಲೆ ಮುರಿದಿತ್ತು. ಎರಡಕ್ಕೆ ಮೇಲಿನ ಹಲಗೆಯನ್ನು ಕೆಳಗಿನದಕ್ಕೆ ಕೂರಿಸುವ ಗೂಟಗಳೇ ಇರಲಿಲ್ಲ. ಎಲ್ಲದರಲ್ಲೂ ಚುರುಟು ಕೂರುವ ಸಾಲುಗಳಲ್ಲಿ ಹೊಗೆಸೊಪ್ಪಿನ ಕರಿ ಅಂಟು ಕಲ್ಲಿನಂತೆ ಕೂತಿತ್ತು. ನೀರಲ್ಲಿ ತೊಳೆದರೆ ಮರ ಬಾಗುತ್ತದೆ, ಎಣ್ಣೆ ಹಚ್ಚಿದರೆ ಚುರುಟು ನಾರುತ್ತದೆ. ರಾದಾಮೆಸ್ ಜಗಲಿಯಲ್ಲಿ ಕೂತು ಹೊಸ ಗೂಟ ಕೆತ್ತಿದ. ನೆರೈದಾ ಬ್ರಷ್ಷನ್ನು ರಮ್ಮಿನಲ್ಲಿ ಅದ್ದಿ, ಒಂದೊಂದೇ ಸಾಲು ಉಜ್ಜಿ, ಅಚ್ಚುಗಳನ್ನು ನೆರಳಲ್ಲಿ ಒಣಗಿಸಿದಳು. ಆ ಎರಡು ದಿನ ಅವಳು ಹಾಡಿಕೊಂಡೇ ಕೆಲಸ ಮಾಡಿದಳು.

ಮೂರನೆಯ ಅಚ್ಚು ಉಜ್ಜುವಾಗ ಅದರ ಅಂಚಿನಲ್ಲಿ ಒಂದು ಕುಳಿ ಕೈಗೆ ಸಿಕ್ಕಿತು. ಸವೆದು ಸವೆದು ನುಣ್ಣಗಾದ, ಹೆಬ್ಬೆರಳಗಲದ ಕುಳಿ. ಮೊದಲ ಎರಡನ್ನೂ ತಿರುಗಿಸಿ ನೋಡಿದಳು. ಅವುಗಳಲ್ಲೂ ಇತ್ತು. ಐದರಲ್ಲೂ ಇತ್ತು, ಅದೇ ಜಾಗದಲ್ಲಿ. ಬಲಗೈ ಹೆಬ್ಬೆರಳು ಇಟ್ಟಳು, ಕೂರಲಿಲ್ಲ. ಎಡಗೈಯದು ಇಟ್ಟಳು, ಸರಿಯಾಗಿ ಕೂತಿತು. ಸುನಿಲ್ದಾ ಎಡಚಿ.

ಎಂಬತ್ತು ಅಚ್ಚಿನಲ್ಲಿ ಗಂಡ ಬೆಳಗಿಂದ ಕೂತು ಹುಡುಕಿದ್ದು ಏನನ್ನು ಎಂದು ಆಗ ಅವಳಿಗೆ ಹೊಳೆಯಿತು. ಹುಂಜ ಕೊಟ್ಟದ್ದೂ ಇದಕ್ಕೇ! ಹಾಡು ಅಲ್ಲಿಗೇ ನಿಂತಿತು. ಮರದ ಪುಡಿಗೆ ಅಂಟು ಕಲಸಿ ಐದೂ ಕುಳಿಗಳನ್ನು ಮೆತ್ತಿದಳು. ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ಸಮ ಮಾಡಿದಳು. ಅಷ್ಟು ಶ್ರದ್ಧೆಯಿಂದ ಅವಳು ಮಕ್ಕಳ ಮೈಯನ್ನೂ ಉಜ್ಜಿರಲಿಲ್ಲ.

ಸೋಮವಾರ ಬೆಳಿಗ್ಗೆ ರಾದಾಮೆಸ್ ಅಚ್ಚು ಕೈಗೆತ್ತಿಕೊಂಡು ಅಂಚು ಸವರಿದ.

“ಇಲ್ಲೊಂದು ಕುಳಿ ಇತ್ತಲ್ಲ?”

“ಹುಳ ತಿಂದಿತ್ತು. ಮುಚ್ಚಿದೆ.”

“ಐದಕ್ಕೂ?”

“ಹುಳಕ್ಕೆ ರುಚಿ ಹತ್ತಿತ್ತು.”

“ಅದು ಹುಳ ಅಲ್ಲ ಕಣೇ, ಸುನಿಲ್ದಾ ಅಲ್ಲಿ...”

“ನಾನು ಯಾರ ಹೆಸರಾದ್ರೂ ಎತ್ತಿದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಕೋತೀಯ?”

ರಾದಾಮೆಸ್ ಕಟ್ಟತೊಡಗಿದ. ಒಂದು ಅಚ್ಚು ತುಂಬಿಸಿ, ಒತ್ತಿಟ್ಟು, ಕಾಫಿ ಕುಡಿದು, ಬಿಚ್ಚಿದರು. ನೆರೈದಾ ಮೊದಲನೆಯದನ್ನು ತೆಗೆದು ಹೊದಿಕೆ ಎಳೆದು ಸುತ್ತಿದಳು. ಒಳಗಿನ ಕಟ್ಟು ಸಡಿಲಾಯಿತು. ಎರಡನೆಯದೂ ಹಾಗೇ. ಮೂರನೆಯದು ಅವಳ ಕೈಯಲ್ಲೇ ಬಿಚ್ಚಿಕೊಂಡಿತು. ಮೂವತ್ತು ವರ್ಷ ಚುರುಟು ಸುತ್ತಿದ ಕೈಗೆ ಹೀಗೆ ಯಾವತ್ತೂ ಆಗಿರಲಿಲ್ಲ.

“ಒಂದಿನದ ಮಟ್ಟಿಗೆ ಸುನಿಲ್ದಾನ ಕರೆಸೋಣ್ವಾ? ಎಲ್ಲಿ ತಪ್ತಿದೆ ಅಂತ ನೋಡ್ತಾಳೆ” ಎಂದ ರಾದಾಮೆಸ್. ಪಾಪ, ಅವನು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

ನೆರೈದಾಳ ಕಣ್ಣಿಗೆ ಖಾರ ಹಾಕಿದಂತಾಯಿತು. ತಾನು ಕೂತಿರುವ ಕುರ್ಚಿಯ ಮೇಲೆ ಆ ಸುನಿಲ್ದಾಳನ್ನು ತಂದು ಕೂರಿಸುವುದೇ! ಅಚ್ಚಿನಿಂದ ಇನ್ನೊಂದನ್ನು ಎತ್ತಿ ಅದರ ಕಟ್ಟೆಲೆಯನ್ನು ಮೆಲ್ಲಗೆ ಬಿಚ್ಚಿದಳು. ಎಲೆ ತಿರುಗುಮುರುಗಾಗಿ ಸುತ್ತಿತ್ತು. ಎಡಗೈಯಲ್ಲಿ ಹೊದಿಸುವವರಿಗೆ ಹೇಗೆ ಬೇಕೋ ಹಾಗೆ.

“ನೋಡು” ಎಂದಳು. “ಪಕ್ಕದಲ್ಲಿ ಕೂತಿರೋಳು ನಾನು. ನಿನ್ನ ಕೈ ಇನ್ನೂ ಅವಳಿಗೇ ಕಟ್ಕೊಡ್ತಿದೆ.”

ರಾದಾಮೆಸ್ ತನ್ನ ಕೈಗಳನ್ನೇ ನೋಡಿಕೊಂಡ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಇನ್ನೊಂದು ಕಡೆಗೆ ಸುತ್ತಲು ಹೋದ. ಎಡಕ್ಕೆ ಹೂಡುವ ಎತ್ತನ್ನು ಬಲಕ್ಕೆ ಕಟ್ಟಿದಂತಾಯಿತು, ಎಲೆ ಹರಿಯಿತು.

“ಏಳು” ಎಂದಳು ನೆರೈದಾ. “ಇನ್ಮೇಲೆ ನಾನು ಕಟ್ತೀನಿ, ನೀನು ಹೊದಿಸು. ಈಗ ಒತ್ತಿರೋದನ್ನೂ ನೀನೇ ಮುಗಿಸು. ಅವಳ ಸಹವಾಸವೇ ಬೇಡ ಈ ಮೇಜಿಗೆ.”

ಕುರ್ಚಿ ಬದಲಾಯಿತು. ರಾದಾಮೆಸ್ ಹುಟ್ಟಿದಾರಭ್ಯ ಒಂದು ಹೊದಿಕೆಯನ್ನೂ ಸುತ್ತಿದವನಲ್ಲ. ಉಣ್ಣುವುದು, ಡೊಮಿನೊ ಆಟದ ಬಿಲ್ಲೆ ಬಡಿಯುವುದು, ಎಲ್ಲ ಬಲಗೈಯಲ್ಲೇ. ಅವನು ಎಲೆಯನ್ನು ಹಾಸಿ, ಅಂಗೈಯಿಂದ ನೀವಿ, ಕಟ್ಟನ್ನು ಎತ್ತಿಕೊಂಡ. ಎಡಗೈಯಲ್ಲಿ. ಕಿರುಬೆರಳನ್ನು ಸ್ವಲ್ಪ ಮೇಲೆತ್ತಿ ಹಿಡಿದು ಸುತ್ತಿದ. ಹಾಗೆ ಕಿರುಬೆರಳೆತ್ತಿ ಸುತ್ತುವವಳು ಇಡೀ ತಂಬೋರಿಲ್‌ನಲ್ಲಿ ಒಬ್ಬಳೇ, ಆ ಎಡಚಿ. ನೆರೈದಾ ಬಗ್ಗಿ ನೋಡಿದಳು. ಎಲೆ ಎಲ್ಲೂ ಸುಕ್ಕಾಗದೆ ಕೊನೆತನಕ ಹೋಗಿ ಕೂತಿತು.

“ನೋಡೇ ಮುದುಕಿ!” ರಾದಾಮೆಸ್ ಹಿಗ್ಗಿ ಹೀರೇಕಾಯಿಯಾದ. “ಬಂದೇ ಬಿಡ್ತು! ಯಾರೂ ಹೇಳ್ಕೊಟ್ಟಿಲ್ಲ ನಂಗೆ!”

ನೆರೈದಾ ಆ ಚುರುಟನ್ನು ಅವನ ಕೈಯಿಂದ ಕಿತ್ತುಕೊಂಡಳು. ತುದಿ ಕಚ್ಚಿ ಉಗಿದು, ಒಲೆಯ ಕೊಳ್ಳಿಯಿಂದ ಹೊತ್ತಿಸಿದಳು.

“ಅಯ್ಯೋ, ಮೊದಲ್ನೇದು ಅದು! ಇಟ್ಕೊಳ್ಳೋಣ ಅಂತಿದ್ದೆ!”

“ಗೊತ್ತು. ಅದಕ್ಕೇ ಸುಡ್ತಿದ್ದೀನಿ.”

ಹಸಿ ಚುರುಟು, ಕೆಮ್ಮು ಬರಿಸಬೇಕಿತ್ತು. ಬರಿಸಲಿಲ್ಲ. ಹಾಳಾದ್ದು ಓರೆಯಾಗಿಯೂ ಉರಿಯಲಿಲ್ಲ. ಅಷ್ಟು ಒಳ್ಳೆಯ ಚುರುಟನ್ನು ನೆರೈದಾ ತನ್ನ ಜನ್ಮದಲ್ಲಿ ಸೇದಿರಲಿಲ್ಲ. ಬೆರಳು ಸುಡುವವರೆಗೂ ಸೇದಿದಳು, ಒಂದು ಚೂರೂ ಉಳಿಸಲಿಲ್ಲ.